ನೆರಳು ಒಂದೇ ಸಾಲದು, ಗಾಳಿ ಬೇಕು

ಮಾನ್ಯ ಸಂಪಾದಕರೇ,

ನಾನು ಕಾರವಾರದ ಕೋಡಿಬಾಗದವಳು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಮಾರ್ಚ್ ಬಂತೆಂದರೆ ಪತ್ರಿಕೆಗಳಲ್ಲಿ ಬೇಸಿಗೆಯ ಸಲಹೆಗಳು ಬರುತ್ತವೆ. ಮಕ್ಕಳನ್ನು ಬಿಸಿಲಿಗೆ ಬಿಡಬೇಡಿ, ವಯಸ್ಸಾದವರು ಆಗಾಗ ನೀರು ಕುಡಿಯಿರಿ ಅಂತ. ಒಳ್ಳೆಯದೇ. ಸಾಕಿದ ನಾಯಿ ಬೆಕ್ಕಿನ ಬಗ್ಗೆ ಒಂದು ಸಾಲು ಇದ್ದರೆ ಇರುತ್ತದೆ: ನೆರಳಿನಲ್ಲಿ ಕಟ್ಟಿ, ನೀರಿಡಿ. ನಾನೂ ಅಷ್ಟೇ ಮಾಡಿದ್ದೆ. ನೆರಳಿನಲ್ಲೇ ಕಟ್ಟಿದ್ದೆ, ಪಕ್ಕದಲ್ಲೇ ನೀರೂ ಇಟ್ಟಿದ್ದೆ. ಆದರೂ ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ನಾಯಿ ಗುಂಡು ಸೆಕೆಗೆ ಜೀವ ಬಿಟ್ಟ. ಅದು ಹೇಗಾಯಿತು ಅಂತ ಬರೆಯುತ್ತೇನೆ. ಇಲ್ಲಿಂದ ಭಟ್ಕಳದವರೆಗೆ ಕಡಲ ಬದಿಯಲ್ಲಿ ನಾಯಿ ಸಾಕಿದವರೆಲ್ಲ ಇದನ್ನು ಓದಬೇಕು ಅನ್ನುವುದು ನನ್ನ ಆಸೆ.

ಗುಂಡು ಪಗ್ ಜಾತಿಯವನು. ಮಗ ಬೆಂಗಳೂರಿನಲ್ಲಿ ಸಾಕಿದ್ದ. ಕೆಲಸ ಬದಲಾಗಿ ಅವನು ಬೇರೆ ಊರಿಗೆ ಹೋಗುವಾಗ, ಕಳೆದ ವರ್ಷ ಮಾರ್ಚ್ ಕೊನೆಗೆ, ಇಲ್ಲಿ ತಂದುಬಿಟ್ಟ. ಬಂದ ವಾರದಲ್ಲೇ ನನ್ನ ಮಷಿನ್ ಕೆಳಗೆ ಜಾಗ ಮಾಡಿಕೊಂಡ. ಪೆಡಲ್ ತುಳಿಯುವಾಗ ನನ್ನ ಪಾದಕ್ಕೆ ಗಲ್ಲ ಆನಿಸಿ ಮಲಗುತ್ತಿದ್ದ. ಗೊರಕೆ ಹೊಡೆಯುವುದು ಬೀದಿಗೆ ಕೇಳುತ್ತಿತ್ತು.

ಬ್ಲೌಸ್ ಅಳತೆ ಕೊಡಲು ಬರುವ ಕೆಲವರಿಗೆ ನಾಯಿ ಅಂದರೆ ಹೆದರಿಕೆ. ಹಾಗಾಗಿ ಜನ ಬರುವ ಹೊತ್ತಿನಲ್ಲಿ ಅವನನ್ನು ಹಿಂದುಗಡೆ ಕಟ್ಟುತ್ತಿದ್ದೆ. ನಮ್ಮ ಮನೆಗೂ ಕಾಂಪೌಂಡ್ ಗೋಡೆಗೂ ನಡುವೆ ನಾಲ್ಕು ಅಡಿ ಅಗಲದ ಸಂದಿ ಇದೆ. ಮೇಲೆ ಸಿಮೆಂಟ್ ಶೀಟು ಹಾಕಿಸಿದ್ದೇವೆ. ದಿನವಿಡೀ ಒಂದು ಚೂರು ಬಿಸಿಲು ಬೀಳುವುದಿಲ್ಲ. ನೆಲ ಮುಟ್ಟಿದರೆ ತಣ್ಣಗೆ ಅನ್ನಿಸುತ್ತದೆ. ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಅಂದುಕೊಂಡಿದ್ದೆ.

ಒಂದು ವಿಷಯ ಮಾತ್ರ ನನ್ನ ತಲೆಗೆ ಹೊಳೆಯಲೇ ಇಲ್ಲ. ಆ ಸಂದಿಯಲ್ಲಿ ಬಟ್ಟೆ ಒಣ ಹಾಕುವುದನ್ನು ನಾನು ಎಂದೋ ಬಿಟ್ಟಿದ್ದೆ. ತಂತಿ ಕಟ್ಟಿಯೇ ಇದೆ, ಆದರೆ ಅಲ್ಲಿ ಬಟ್ಟೆ ಒಣಗುವುದೇ ಇಲ್ಲ. ಬೆಳಿಗ್ಗೆ ಹಾಕಿದ ಟವೆಲ್ ಸಂಜೆಗೂ ಹಸಿ. ಮೂರು ಕಡೆ ಗೋಡೆ, ಮೇಲೆ ಶೀಟು, ಗಾಳಿ ಆಡಲು ದಾರಿಯೇ ಇಲ್ಲ.

ಆ ದಿನ ಮದುವೆ ಸೀಸನ್ನಿನ ಗಡಿಬಿಡಿ. ಹನ್ನೊಂದು ಗಂಟೆಗೆ ಕಟ್ಟಿದವನನ್ನು ಮೂರು ಗಂಟೆಯವರೆಗೆ ನಾನು ನೋಡಲಿಲ್ಲ. ಒಂದೆರಡು ಸಲ ಕೂಗಿದ, ಆಮೇಲೆ ಸುಮ್ಮನಾದ. ಮಲಗಿರಬೇಕು ಅಂದುಕೊಂಡೆ. ಹೋಗಿ ನೋಡಿದರೆ ನೀರಿನ ತಟ್ಟೆ ಮಗುಚಿತ್ತು. ಗುಂಡು ಅಡ್ಡ ಬಿದ್ದಿದ್ದ. ನಾಲಿಗೆ ಪೂರ್ತಿ ಹೊರಗೆ ಬಂದಿತ್ತು, ಅಗಲವಾಗಿ ಕೆಂಪು ಎಲೆಯ ಹಾಗೆ. ವಸಡು ಕುಂಕುಮದಷ್ಟು ಕೆಂಪಾಗಿತ್ತು. ಬಾಯಿಂದ ಅಂಟು ಅಂಟಾದ ಜೊಲ್ಲು. ಎತ್ತಿದೆ, ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆ ಎತ್ತಿದ ಹಾಗಿತ್ತು ಅವನ ಮೈ.

ಆ ಗಾಬರಿಯಲ್ಲಿ ನಾನು ಮಾಡಿದ್ದೆಲ್ಲ ತಪ್ಪೇ. ಪಕ್ಕದ ಮನೆಯ ವೈನಿ ಮಜ್ಜಿಗೆ ತಂದರು. ಬಾಯಿ ಬಿಡಿಸಿ ಹೊಯ್ದೆವು. ಅವನಿಗೆ ನುಂಗಲಿಕ್ಕೇ ಆಗುತ್ತಿರಲಿಲ್ಲ, ಕೆಮ್ಮಿದ. ಆಮೇಲೆ ಒಂದು ಚಾದರ ಒದ್ದೆ ಮಾಡಿ ಮೈ ತುಂಬ ಸುತ್ತಿದೆ. ಆಟೋ ಹುಡುಕಲು ಕಾಲು ಗಂಟೆ ಹೋಯಿತು. ಪಶುವೈದ್ಯರ ಹತ್ತಿರ ಮುಟ್ಟುವಷ್ಟರಲ್ಲಿ ಆ ಒದ್ದೆ ಚಾದರ ನನ್ನ ತೊಡೆಯ ಮೇಲೆ ಇಡ್ಲಿ ಪಾತ್ರೆಯ ಬಟ್ಟೆಯ ಹಾಗೆ ಬಿಸಿಯಾಗಿತ್ತು.

ಡಾಕ್ಟರು ಮೊದಲು ಚಾದರ ಕಿತ್ತೆಸೆದರು. ನಲ್ಲಿ ಬಿಟ್ಟು ಮೈ ತೋಯಿಸಿದರು, ಫ್ಯಾನ್ ಎದುರು ಮಲಗಿಸಿದರು. ಆಮೇಲೆ ಥರ್ಮಾಮೀಟರ್ ನೋಡಿದರು. 107 ಡಿಗ್ರಿ. ನಾಯಿಗೆ ಮಾಮೂಲಿ ಇರಬೇಕಾದದ್ದು ಫ್ಯಾರನ್‌ಹೀಟ್ ಲೆಕ್ಕದಲ್ಲಿ 101ರಿಂದ 102.5 ಅಂತೆ. ಸಲೈನ್ ಹಾಕಿದರು. ಒಂದು ಗಂಟೆ ಕಳೆದ ಮೇಲೆ ಗುಂಡು ತಲೆ ಎತ್ತಿದ, ಬಾಲ ಅಲ್ಲಾಡಿಸಿದ. ನನಗೆ ಹೋದ ಜೀವ ಬಂದ ಹಾಗಾಯಿತು. ಡಾಕ್ಟರು ಹೇಳಿದರು: "ಅಮ್ಮ, ಎದ್ದ ಅಂತ ನಂಬಬೇಡಿ. ಒಳಗೆ ಕಿಡ್ನಿ, ಲಿವರ್‌ಗೆ ಪೆಟ್ಟು ಬಿದ್ದಿದ್ದರೆ ಗೊತ್ತಾಗಲು ಎರಡು ಮೂರು ದಿನ ಬೇಕು. ನಾಳೆಯೂ ಕರೆದುಕೊಂಡು ಬನ್ನಿ, ನಾಡಿದ್ದೂ ಬನ್ನಿ." ಮರುದಿನ ಹೋದೆ. ಮೂರನೇ ದಿನ ಬೆಳಿಗ್ಗೆ ಮೂತ್ರ ನಿಂತಿತ್ತು, ಮಲದಲ್ಲಿ ರಕ್ತ. ಆಟೋ ಬರುವಷ್ಟರಲ್ಲೇ ಹೋಗಿಬಿಟ್ಟ.

ಆ ದಿನ ಕಾರವಾರದಲ್ಲಿ ಎಷ್ಟು ಬಿಸಿಲಿತ್ತು ಗೊತ್ತಾ? ನಾನು ಪೇಪರ್ ತೆಗೆದು ನೋಡಿದೆ. 34 ಡಿಗ್ರಿ. ಕರಾವಳಿಯಲ್ಲಿ ಬಿಸಿಗಾಳಿ ಅಂತ ಹವಾಮಾನ ಇಲಾಖೆ ಹೇಳಬೇಕಾದರೆ ಕಡಿಮೆ ಅಂದರೂ 37 ಡಿಗ್ರಿ ಮುಟ್ಟಬೇಕು, ಜೊತೆಗೆ ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇರಬೇಕು. 34 ಅಂದರೆ ನಮಗೆ ಯಾವ ಲೆಕ್ಕ? ಕಲಬುರಗಿ, ರಾಯಚೂರಿನ ಕಡೆ 40 ದಾಟುತ್ತದೆ, ನಮ್ಮದೇನು ಮಹಾ ಅಂತ ನಾವೇ ಹೇಳಿಕೊಳ್ಳುತ್ತೇವೆ. ತಪ್ಪು ಅಲ್ಲೇ ಇರುವುದು. ನಮ್ಮದು ಬಿಸಿಲಿನ ಊರಲ್ಲ, ಸೆಕೆಯ ಊರು.

ಡಾಕ್ಟರು ನನಗೆ ಇದನ್ನು ತಿಳಿಯುವ ಹಾಗೆ ಹೇಳಿದರು. ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಪಾದದ ಅಡಿಯಲ್ಲಿ ಬಿಟ್ಟರೆ ಬೆವರೇ ಇಲ್ಲ. ಅದು ಬಾಯಿ ತೆರೆದು ಹಹ್ಹ ಹಹ್ಹ ಅಂತ ಉಸಿರು ಬಿಡುತ್ತದಲ್ಲ, ಅದೇ ಅದರ ಬೆವರು. ನಾಲಿಗೆ, ಗಂಟಲಿನ ನೀರು ಆರಬೇಕು, ಆಗ ಮೈಯ ಬಿಸಿ ಹೊರಗೆ ಹೋಗುತ್ತದೆ. ಗಾಳಿಯಲ್ಲೇ ನೀರಿನ ಪಸೆ ತುಂಬಿದ್ದರೆ ನಾಲಿಗೆಯ ನೀರು ಆರುವುದೆಲ್ಲಿಗೆ? ನನ್ನ ಹಿಂದಿನ ಸಂದಿಯ ಟವೆಲ್ ಹಾಗೆಯೇ. ಎಷ್ಟು ಜೋರಾಗಿ ಏದುಸಿರು ಬಿಟ್ಟರೂ ಬಿಸಿ ಒಳಗೇ ಉಳಿಯುತ್ತದೆ. ಏದುಸಿರು ಬಿಡುವ ಶ್ರಮಕ್ಕೇ ಮೈ ಇನ್ನಷ್ಟು ಕಾಯುತ್ತದೆ. ಪಗ್, ಬುಲ್‌ಡಾಗ್, ಶಿಟ್ಜು ಥರದ ಚಪ್ಪಟೆ ಮುಖದ ನಾಯಿಗಳಿಗೆ ಮೂಗಿನ ದಾರಿಯೇ ಇಕ್ಕಟ್ಟು, ಅವು ಎಲ್ಲರಿಗಿಂತ ಮೊದಲು ಬೀಳುತ್ತವೆ. ಪರ್ಷಿಯನ್ ಬೆಕ್ಕುಗಳೂ ಹಾಗೆಯೇ. ಗುಂಡುವಿನ ಗೊರಕೆಯನ್ನು ನಾವು ಚೆಂದ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿ ಮಗನಿಗೆ ಕಳಿಸುತ್ತಿದ್ದೆವು. ಅದು ಅವನಿಗೆ ಉಸಿರಾಡಲು ಕಷ್ಟ ಅನ್ನುವುದರ ಗುರುತು ಅಂತ ಗೊತ್ತಿರಲಿಲ್ಲ.

ಇನ್ನೊಂದು ಮಾತು. ಅವನು ಬೆಂಗಳೂರಿನಿಂದ ಬಂದು ಒಂದು ತಿಂಗಳೂ ಆಗಿರಲಿಲ್ಲ. ಹೊಸ ಹವೆಗೆ ಮೈ ಒಗ್ಗಲು ವಾರಗಟ್ಟಲೆ ಬೇಕು. ಶಿರಸಿಯಲ್ಲಿರುವ ನನ್ನ ಅಕ್ಕನ ಮನೆಯವರು ರಜೆಗೆ ಬರುವಾಗ ತಮ್ಮ ನಾಯಿಯನ್ನೂ ಕಾರಿನಲ್ಲಿ ಕರೆತರುತ್ತಿದ್ದರು. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಿದ್ದೇ ಅದಕ್ಕೆ ಏದುಸಿರು ಶುರುವಾಗುತ್ತಿತ್ತು. ಎರಡು ದಿನ ಊಟ ಬಿಡುತ್ತಿತ್ತು. ಹೊಸ ಜಾಗ, ಮುನಿಸಿಕೊಂಡಿದೆ ಅಂತ ನಾವು ಮಾತಾಡಿಕೊಳ್ಳುತ್ತಿದ್ದೆವು. ಶಿರಸಿಯಲ್ಲೂ ಏಪ್ರಿಲ್ ಬಿಸಿಲು ಚುರುಕೇ, ಆದರೆ ರಾತ್ರಿ ತಂಪಾಗುತ್ತದೆ. ಇಲ್ಲಿ ರಾತ್ರಿಯೂ ದಿಂಬು ಒದ್ದೆ. ಈ ವರ್ಷ ಅಕ್ಕ ನಾಯಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಳು. ಗೋಕರ್ಣ, ಮುರ್ಡೇಶ್ವರಕ್ಕೆ ಏಪ್ರಿಲ್ ಮೇ ರಜೆಯಲ್ಲಿ ನಾಯಿ ಜೊತೆ ಬರುವ ಘಟ್ಟದ ಮೇಲಿನವರಿಗೂ ನಾನು ಇದನ್ನೇ ಹೇಳುತ್ತೇನೆ.

ಬರಲೇಬೇಕಾದರೆ ನಾಯಿಯನ್ನು ಕಾರಿನಲ್ಲಿ ಒಂಟಿಯಾಗಿ ಬಿಡಬೇಡಿ. ಮೊನ್ನೆ ಭಾನುವಾರ ಕಡಲತೀರದ ಹತ್ತಿರ ನಿಂತ ಒಂದು ಕಾರಿನಲ್ಲಿ ಬಿಳಿ ನಾಯಿ ಗಾಜನ್ನು ಕೆರೆಯುತ್ತಿತ್ತು. ಗಾಜು ಎರಡು ಬೆರಳಷ್ಟು ಇಳಿಸಿದ್ದರು. ಮನೆಯವರು ಐಸ್‌ಕ್ರೀಮ್ ತಿನ್ನುತ್ತ ಬಂದರು. "ಗಾಜು ಇಳಿಸಿದ್ದೇವಲ್ಲ ಆಂಟಿ, ಹತ್ತೇ ನಿಮಿಷ" ಅಂದರು. ಆ ಹತ್ತು ನಿಮಿಷದಲ್ಲಿ ಕಾರಿನ ಒಳಗೆ ಹೊರಗಿಗಿಂತ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅರ್ಧ ಗಂಟೆಗೆ ಸುಮಾರು 19 ಡಿಗ್ರಿ. ಎರಡು ಬೆರಳು ಗಾಜು ಇಳಿಸಿದರೆ ಹೆಚ್ಚೇನೂ ಉಪಯೋಗ ಇಲ್ಲ. ಅವರು ಕೆಟ್ಟವರಲ್ಲ, ನಾಯಿಯನ್ನು ಅಪ್ಪಿ ಮುದ್ದಾಡಿದರು. ಗೊತ್ತಿರಲಿಲ್ಲ ಅಷ್ಟೇ, ನನಗೆ ಗೊತ್ತಿಲ್ಲದ ಹಾಗೆಯೇ.

ಕಡಲತೀರಕ್ಕೆ ಕರೆದುಕೊಂಡು ಹೋಗುವವರು ಮರಳಿನ ಮೇಲೆ ಅಂಗೈ ಹಿಂಭಾಗ ಇಟ್ಟು ಏಳರವರೆಗೆ ಎಣಿಸಿ ನೋಡಿ. ತಾಳಲಾರದಷ್ಟು ಬಿಸಿ ಅನ್ನಿಸಿದರೆ ನಾಯಿಯ ಪಾದಕ್ಕೂ ಹಾಗೆಯೇ. ಡಾಂಬರು ರಸ್ತೆ, ಸ್ಲ್ಯಾಬಿನ ಮೇಲೂ ಹೀಗೆಯೇ ನೋಡಬೇಕು. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಬಾಯಾರಿದ ನಾಯಿ ಸಮುದ್ರದ ನೀರು ಕುಡಿಯುತ್ತದೆ, ಆ ಉಪ್ಪಿಗೆ ವಾಂತಿ ಭೇದಿ ಹತ್ತಿ ಇನ್ನೂ ಬಳಲುತ್ತದೆ.

ಈಗ ನಮ್ಮ ಬೀದಿಯ ಕಾಳಿಯ ವಿಷಯ. ಅವಳು ಯಾರ ನಾಯಿಯೂ ಅಲ್ಲ. ಮೂರು ಮನೆಯ ಅನ್ನ ತಿನ್ನುತ್ತಾಳೆ. ಗುಂಡು ಒಳಗೆ ಬಿದ್ದಿದ್ದ ಆ ಮಧ್ಯಾಹ್ನ ಕಾಳಿ ಎಲ್ಲಿದ್ದಳು ಅಂತ ನನಗೆ ಚೆನ್ನಾಗಿ ನೆನಪಿದೆ, ಕಿಟಕಿಯಿಂದ ಕಾಣುತ್ತಿತ್ತು. ನಮ್ಮ ಬಚ್ಚಲ ನೀರು ಹರಿದುಹೋಗುವ ತೆಂಗಿನ ಬುಡದಲ್ಲಿ ಮಣ್ಣು ಕೆರೆದು ತೊಟ್ಟಿಯ ಹಾಗೆ ಮಾಡಿಕೊಂಡಿದ್ದಳು. ಹಸಿ ಮಣ್ಣಿಗೆ ಹೊಟ್ಟೆ ಒತ್ತಿ, ನಾಲ್ಕೂ ಕಾಲು ಚಾಚಿ, ಮುಖ ಕಾಳಿ ನದಿಯ ಅಳಿವೆಯ ಕಡೆಗೆ ಮಾಡಿ ಮಲಗಿದ್ದಳು. ಗಾಳಿ ಬರುವುದೇ ಆ ಕಡೆಯಿಂದ. ಆ ಜಾಗಕ್ಕೆ ಅರ್ಧ ಬಿಸಿಲು ಬೀಳುತ್ತದೆ. ನೆರಳು ಲೆಕ್ಕ ಹಾಕಿದರೆ ನನ್ನ ಸಂದಿಯೇ ಮೇಲು. ಆದರೆ ಕಾಳಿ ಒಂದು ದಿನವೂ ಆ ಸಂದಿಯ ಕಡೆ ತಲೆ ಹಾಕಿದವಳಲ್ಲ, ಗೇಟು ತೆರೆದಿದ್ದರೂ. ಎಲ್ಲಿ ಮಲಗಬೇಕು ಅಂತ ಅವಳಿಗೆ ಗೊತ್ತು. ಗುಂಡುವಿಗೂ ಗೊತ್ತಿತ್ತೇನೋ. ಅವನ ಕುತ್ತಿಗೆಯಲ್ಲಿ ಸರಪಳಿ ಇತ್ತು.

ಹಾಗಾಗಿ ನಾಯಿಯನ್ನು ನೆರಳಿನಲ್ಲಿ ಕಟ್ಟಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹಗಲು ಕಟ್ಟಬೇಡಿ ಅಂತಲೇ ಹೇಳುತ್ತೇನೆ. ಬಿಟ್ಟರೆ ಅದು ತನ್ನ ಜಾಗ ತಾನೇ ಹುಡುಕುತ್ತದೆ, ಬಚ್ಚಲಿನ ಕಲ್ಲಿನ ಮೇಲೋ, ಜಗಲಿಯ ತುದಿಯಲ್ಲೋ, ಬಾವಿ ಕಟ್ಟೆಯ ಹತ್ತಿರವೋ. ಗೇಟು ಹಾಕಿ, ಅಂಗಳದಲ್ಲಿ ಬಿಡಿ. ಕಟ್ಟಲೇಬೇಕಾದ ದಿನ ಹಗ್ಗ ಉದ್ದ ಇರಲಿ, ಜಾಗದಲ್ಲಿ ಎರಡು ಕಡೆಯಿಂದ ಗಾಳಿ ಆಡಲಿ. ನಾಯಿಯನ್ನು ಗಿಡ್ಡ ಸರಪಳಿಯಲ್ಲಿ ತುಂಬಾ ಹೊತ್ತು ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೇ ಹೌದು. ಕಾಯ್ದೆಗೆ ಹೆದರಿ ಅಂತ ಹೇಳುತ್ತಿಲ್ಲ, ನಮ್ಮ ಓಣಿಯಲ್ಲೇ ನಾಲ್ಕು ಮನೆಯಲ್ಲಿ ಎರಡು ಮೊಳದ ಸರಪಳಿ ನೋಡುತ್ತಿದ್ದೇನೆ, ಅದಕ್ಕೆ ಹೇಳಿದೆ.

ಸಿಮೆಂಟ್ ಶೀಟು, ತಗಡಿನ ಕೆಳಗಿನ ಗೂಡುಗಳೂ ಅಪಾಯವೇ. ಮೇಲೆ ತೆಂಗಿನ ಮಡಲು ಹಾಸಿ ಸಂಜೆ ಮುಂಚೆ ನೀರು ಚಿಮುಕಿಸಿದರೆ ಕೆಳಗಿನ ಬಿಸಿ ಎಷ್ಟೋ ಇಳಿಯುತ್ತದೆ, ಆದರೆ ಸುತ್ತ ಗಾಳಿ ಆಡಬೇಕು. ಇನ್ನು ಕೆಲವರು ಮನೆಯೊಳಗೆ ಫ್ಯಾನ್ ಹಾಕಿ, ನಾಯಿ ಬಿಟ್ಟು, ಬೀಗ ಹಾಕಿ ಕೆಲಸಕ್ಕೆ ಹೋಗುತ್ತಾರೆ. ನಮ್ಮಲ್ಲಿ ಮಧ್ಯಾಹ್ನ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗುತ್ತದೆಯೇ? ಎರಡು ಕಿಟಕಿಯಾದರೂ ತೆರೆದಿಡಿ. ನೀರನ್ನು ಸ್ಟೀಲ್ ತಟ್ಟೆಯಲ್ಲಿ ಇಡಬೇಡಿ, ಕಾಲು ತಾಗಿದರೆ ಮಗುಚುತ್ತದೆ, ಗುಂಡುವಿನದು ಮಗುಚಿದ್ದು ಹಾಗೆಯೇ. ಅಗಲ ಬಾಯಿಯ ಭಾರದ ಮಣ್ಣಿನ ಪಾತ್ರೆ ಒಳ್ಳೆಯದು. ಎರಡು ಕಡೆ ಇಡಿ, ಹಗಲು ಎರಡು ಮೂರು ಸಲ ಬದಲಿಸಿ.

ಮೊಲ ಸಾಕಿದ ಮಕ್ಕಳಿದ್ದಾರೆ ನಮ್ಮ ಬೀದಿಯಲ್ಲಿ. ಮೊಲಕ್ಕೆ ನಾಯಿಗಿಂತಲೂ ಸೆಕೆ ತಡೆಯುವುದಿಲ್ಲ. ಅದರ ಮೈ ಬಿಸಿ ಹೊರಗೆ ಹೋಗುವುದು ಮುಖ್ಯವಾಗಿ ಕಿವಿಯಿಂದ. ಒದ್ದೆ ಕೈಯಿಂದ ಕಿವಿ ಸವರಿ, ಗೂಡನ್ನು ಒಳಗೆ ತಂಪು ನೆಲಕ್ಕೆ ತನ್ನಿ. ಬೆಕ್ಕು ಸಾಮಾನ್ಯವಾಗಿ ನಾಯಿಯ ಹಾಗೆ ಬಾಯಿ ತೆರೆದು ಉಸಿರಾಡುವುದಿಲ್ಲ. ಹಾಗೆ ಮಾಡುತ್ತಿದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಮೈ ಬಿಸಿ ಇದೆ ಅಂತ ನಮ್ಮ ಜ್ವರದ ಗುಳಿಗೆ ಮಾತ್ರ ಯಾರೂ ಕೊಡಬೇಡಿ. ಪ್ಯಾರಸಿಟಮಾಲ್ ಒಂದೇ ಒಂದು ಗುಳಿಗೆ ಬೆಕ್ಕಿನ ಜೀವ ತೆಗೆಯಬಹುದು. ಸೆಕೆಗೆ ಕಾದ ಮೈ ಜ್ವರವೂ ಅಲ್ಲ, ಗುಳಿಗೆಗೆ ಅದು ಇಳಿಯುವುದೂ ಇಲ್ಲ. ಉದ್ದ ಕೂದಲಿನ ನಾಯಿಯನ್ನು ಬೋಳಿಸಿಬಿಡಬೇಕಾ ಅಂತ ಒಬ್ಬಳು ಕೇಳಿದಳು. ಚರ್ಮ ಕಾಣುವ ಹಾಗೆ ಬೋಳಿಸಿದರೆ ಬಿಸಿಲು ನೇರ ಸುಡುತ್ತದೆ. ಬಾಚಿ, ಉದುರುವ ಒಳಗೂದಲು ತೆಗೆದರೆ ಸಾಕು.

ದನ ಸಾಕಿದವರಿಗೆ ನಾನು ಹೇಳಿಕೊಡುವುದೇನೂ ಇಲ್ಲ, ಅವರಿಗೆ ನನಗಿಂತ ಗೊತ್ತು. ನಮ್ಮ ಮಲೆನಾಡು ಗಿಡ್ಡ ತಳಿಯ ಹಸು ಸೆಕೆ ತಡೆದುಕೊಳ್ಳುತ್ತದೆ, ತಂಪು ದೇಶದಿಂದ ಬಂದ ಎಚ್‌ಎಫ್ ತಳಿ ತಡೆಯುವುದಿಲ್ಲ, ಅಷ್ಟೇ. ಹಸು ಎಮ್ಮೆಗೆ ತೊಂದರೆಯಾದರೆ 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ, ಆ ನಂಬರ್ ಕೊಟ್ಟಿಗೆಯ ಕಂಬಕ್ಕೆ ಬರೆದಿಡಿ.

ನಾಯಿ ಬಿದ್ದೇ ಬಿಟ್ಟರೆ ಏನು ಮಾಡಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ಆ ಕಾಲು ಗಂಟೆ ಇವತ್ತಿಗೂ ಕಣ್ಣ ಮುಂದಿದೆ. ಮೊದಲು ನೀರು, ಆಮೇಲೆ ಆಟೋ. ನಾನು ಆಟೋ ಹುಡುಕುತ್ತ ಕಳೆದ ಹೊತ್ತಿನಲ್ಲಿ ಬಾವಿಯಿಂದ ನಾಲ್ಕು ಕೊಡ ನೀರು ಎತ್ತಿ ಹೊಯ್ಯಬಹುದಿತ್ತು. ಬಾವಿ ಹತ್ತು ಹೆಜ್ಜೆ ದೂರ. ಗಾಳಿ ಆಡುವ ಕಡೆ ಮಲಗಿಸಿ. ಹೊಟ್ಟೆ, ತೊಡೆಯ ಸಂದು, ಕಂಕುಳು, ಪಾದಕ್ಕೆ ತಂಪು ನೀರು ಹೊಯ್ಯುತ್ತಲೇ ಇರಿ. ಮೂಗು ಬಾಯಿಗೆ ನೀರು ಹೋಗದ ಹಾಗೆ ನೋಡಿಕೊಳ್ಳಿ. ಒಬ್ಬರು ಹೊಯ್ಯಿರಿ, ಇನ್ನೊಬ್ಬರು ರಟ್ಟಿನಲ್ಲೋ ಅಡಕೆ ಹಾಳೆಯಲ್ಲೋ ಬೀಸುತ್ತಿರಿ. ಮಾಳಿಗೆ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನ ಬಿಸಿ ಇರುತ್ತದೆ, ಕೈ ಹಿಡಿದು ನೋಡಿಯೇ ಹೊಯ್ಯಿರಿ. ಒದ್ದೆ ಬಟ್ಟೆ ಸುತ್ತಿ ಬಿಡಬೇಡಿ, ನನ್ನ ಚಾದರ ಏನಾಯಿತು ಅಂತ ಆಗಲೇ ಹೇಳಿದೆನಲ್ಲ. ತಾನಾಗಿ ನೆಕ್ಕಿದರೆ ಸ್ವಲ್ಪ ಸ್ವಲ್ಪ ಕುಡಿಸಿ, ಬಾಯಿ ಬಿಡಿಸಿ ಹೊಯ್ಯಬೇಡಿ. ಶ್ವಾಸಕ್ಕೆ ಹೋದರೆ ಅದೇ ಇನ್ನೊಂದು ಕಾಯಿಲೆ. ಇಷ್ಟು ಮಾಡುತ್ತಲೇ ಡಾಕ್ಟರಿಗೆ ಫೋನ್ ಮಾಡಿ. ಆಟೋದಲ್ಲೂ ಗಾಳಿ ತಾಗಲಿ. ಎದ್ದು ಕೂತರೂ ಕರೆದುಕೊಂಡು ಹೋಗಿ, ಹೇಳಿದಷ್ಟು ದಿನ ಹೋಗಿ.

ಸಂಪಾದಕರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಹವಾಮಾನದ ಕಾಲಂನಲ್ಲಿ ಊರಿನ ಹೆಸರು, ಗರಿಷ್ಠ, ಕನಿಷ್ಠ ಅಂತ ಎರಡೇ ಅಂಕಿ ಹಾಕುತ್ತೀರಿ. ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳದ ಮುಂದೆ ಮೂರನೆಯದೊಂದು ಅಂಕಿ ಹಾಕಿ. ಗಾಳಿಯಲ್ಲಿ ತೇವಾಂಶ ಎಷ್ಟು ಶೇಕಡಾ ಅಂತ. 34 ಅಂದರೆ ಏನೂ ಅಲ್ಲ ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ಪಕ್ಕದಲ್ಲಿ ತೇವಾಂಶದ ಅಂಕಿಯೂ ಇದ್ದು, ಅದರ ಅರ್ಥ ಒಂದು ಸಾಲಿನಲ್ಲಿ ಇದ್ದಿದ್ದರೆ, ಹನ್ನೊಂದು ಗಂಟೆಗೆ ಸರಪಳಿ ಕೈಗೆತ್ತಿಕೊಳ್ಳುವಾಗ ಒಂದು ಸಲ ಯೋಚನೆ ಮಾಡುತ್ತಿದ್ದೆನೇನೋ. ಜಾಗ ಬಹಳ ಬೇಕಾಗುವುದಿಲ್ಲ, ಅಲ್ವಾ? ನಾಯಿಗಷ್ಟೇ ಅಲ್ಲ, ತೊಟ್ಟಿಲ ಮಗುವಿಗೆ, ಹಾಸಿಗೆ ಹಿಡಿದ ಅಜ್ಜಿಗೆ, ದೋಣಿ ಕಟ್ಟೆಯಲ್ಲಿ ಬಲೆ ಬಿಡಿಸುವವರಿಗೂ ಆ ಅಂಕಿ ಬೇಕು. ಅಂಕಿ ಬರುವವರೆಗೆ ತೆಂಗಿನ ಗರಿಯನ್ನೇ ನೋಡಿಕೊಳ್ಳೋಣ. ಬೆಳಗಿನ ಗಾಳಿ ನಿಂತು ಕಡಲ ಗಾಳಿ ಏಳುವವರೆಗಿನ ಹೊತ್ತು ಬಹಳ ಕೆಟ್ಟದ್ದು, ಕೆಲವು ದಿನ ಮಧ್ಯಾಹ್ನವಾದರೂ ಗರಿ ಅಲ್ಲಾಡುವುದಿಲ್ಲ.

ಈಗ ಎರಡೂವರೆ ಗಂಟೆ. ಗರಿ ನಿಂತೇ ಇದೆ. ಕಾಳಿ ತನ್ನ ತೊಟ್ಟಿಯಲ್ಲಿ ಮಲಗಿದ್ದಾಳೆ, ಇವತ್ತು ಯಾರೂ ಬಟ್ಟೆ ಒಗೆಯದ್ದಕ್ಕೆ ಅಲ್ಲಿಯ ಮಣ್ಣು ಒಣಗಿ ಬೆಳ್ಳಗಾಗಿದೆ. ಎದ್ದು ಹೋಗಿ ಒಂದು ಕೊಡ ನೀರು ಸುರಿದು ಬರುತ್ತೇನೆ.

ಇಂತಿ,
ನಿಮ್ಮ ಓದುಗಳು
ಕೋಡಿಬಾಗ, ಕಾರವಾರ